‘ಸ್ಟಾರ್ ಟ್ರೆಕ್’ ಸರಣಿಯಲ್ಲಿ ಅನ್ಯಗ್ರಹದ ಸ್ಪಾಕ್ ಪಾತ್ರ ಏಕೆ ಬೇಕಾಯಿತು?

ಮನುಷ್ಯರು ತಮ್ಮಲ್ಲಿ ಸಹಜವೆಂದು ಭಾವಿಸಿಕೊಂಡಿರುವುದನ್ನು ಹೊರಗಿನವನೊಬ್ಬನ ಕಣ್ಣಿನಿಂದ ನೋಡಿ ಪ್ರಶ್ನಿಸುವುದೇ 1966ರಿಂದ 1969ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ಮೂಲ ಸರಣಿಯಲ್ಲಿ ಸ್ಪಾಕ್‌ನ ಮುಖ್ಯ ಪಾತ್ರ. ಲೆನರ್ಡ್ ನಿಮಾಯ್ ನಟಿಸಿದ ಈತ ಎಂಟರ್‌ಪ್ರೈಸ್ ಬಾಹ್ಯಾಕಾಶ ನೌಕೆಯ ವಿಜ್ಞಾನಾಧಿಕಾರಿ.

ವೈದ್ಯ ಮೆಕಾಯ್ ಕರುಣೆಯ ಪರವಾಗಿಯೂ ಸ್ಪಾಕ್ ತರ್ಕದ ಪರವಾಗಿಯೂ ವಾದಿಸುವುದರಿಂದ, ಕ್ಯಾಪ್ಟನ್ ಕರ್ಕ್‌ನ ಮನಸ್ಸಿನೊಳಗೇ ಉಳಿದುಬಿಡಬಹುದಾಗಿದ್ದ ತೊಳಲಾಟ ಪ್ರೇಕ್ಷಕರ ಮುಂದೆ ಸಂಭಾಷಣೆಯ ರೂಪ ಪಡೆಯುತ್ತದೆ. ಆದರೆ ಸ್ಪಾಕ್ ಬರಿಯ ಲೆಕ್ಕದ ಯಂತ್ರವಾಗಿದ್ದರೆ ಆ ಪಾತ್ರ ಇಷ್ಟು ಕಾಲ ನಮ್ಮ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಅವನ ತಂದೆ ವಲ್ಕನ್ ಗ್ರಹದವನು, ತಾಯಿ ಭೂಮಿಯವಳು. ವಲ್ಕನ್ನರಿಗೆ ಭಾವನೆಗಳೇ ಇಲ್ಲವೆಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಅವರ ಭಾವನೆಗಳು ಅತ್ಯಂತ ತೀವ್ರವಾಗಿದ್ದು, ಕಠಿಣ ಶಿಸ್ತಿನಿಂದ ಅವರು ಅವನ್ನು ಹತ್ತಿಕ್ಕುತ್ತಾರೆ. ಹೀಗಾಗಿ ಎರಡೂ ಲೋಕಗಳಲ್ಲಿ ಅರ್ಧ ಪರಕೀಯನಾಗಿರುವ ಸ್ಪಾಕ್‌ನ ಒಳಗೇ ಒಂದು ಸಂಘರ್ಷ ಸದಾ ನಡೆಯುತ್ತಿರುತ್ತದೆ.

1967ರಲ್ಲಿ ಪ್ರಸಾರವಾದ ‘ದಿ ಗೆಲಿಲಿಯೊ ಸೆವೆನ್’ ಕಂತು ಇದಕ್ಕೆ ಒಳ್ಳೆಯ ನಿದರ್ಶನ. ಅಪರಿಚಿತ ಗ್ರಹವೊಂದರಲ್ಲಿ ಸಿಲುಕಿದ ತಂಡಕ್ಕೆ ನಾಯಕನಾದ ಸ್ಪಾಕ್, ಶಕ್ತಿಪ್ರದರ್ಶನ ಮಾಡಿದರೆ ಅಲ್ಲಿನ ಜೀವಿಗಳು ತರ್ಕಬದ್ಧವಾಗಿ ಹಿಂದೆ ಸರಿಯುತ್ತವೆ ಎಂದು ಎಣಿಸುತ್ತಾನೆ, ಆದರೆ ಅವು ಕೆರಳಿ ದಾಳಿ ಮಾಡುತ್ತವೆ. ಕೊನೆಗೆ ಉಳಿದಿದ್ದ ಇಂಧನವನ್ನೆಲ್ಲ ಹೊರಚೆಲ್ಲಿ ಹೊತ್ತಿಸಿ, ಯಾರಾದರೂ ಆ ಬೆಳಕನ್ನು ಕಂಡಾರೆಂಬ ಹತಾಶ ಆಸೆಯಿಂದ ಅವನು ಮಾಡಿದ ಕೆಲಸವೇ ಉಳಿದವರ ಜೀವ ಉಳಿಸುತ್ತದೆ.