‘ಡೈವ್’ ಎಂದರೆ ಧುಮುಕುವುದೋ, ಮುಳುಗುವುದೋ?

ಪ್ರಶ್ನೆ: ಇಂಗ್ಲಿಷಿನ ‘ಡೈವ್’ ಪದಕ್ಕೆ ನನ್ನ ನಿಘಂಟು ‘ಧುಮುಕು’ ಎಂದು ಅರ್ಥ ಕೊಡುತ್ತದೆ. ಆದರೆ ಜಲಾಂತರ್ಗಾಮಿ ಡೈವ್ ಮಾಡಿತು, ಷೇರು ಬೆಲೆ ಡೈವ್ ಮಾಡಿತು, ಡೈವ್ ಮಾಡಿದ ಫುಟ್‌ಬಾಲ್ ಆಟಗಾರನಿಗೆ ಹಳದಿ ಕಾರ್ಡ್ ಸಿಕ್ಕಿತು ಎಂಬಂಥ ಕಡೆ ಆ ಅರ್ಥ ಹೊಂದುವುದಿಲ್ಲ. ಅಮೆರಿಕದಲ್ಲಿರುವ ಮಗ ಅಲ್ಲಿನ ಒಂದು ಬಾರನ್ನೇ ‘ಡೈವ್’ ಎಂದ. ಇಷ್ಟೆಲ್ಲ ಅರ್ಥಗಳು ಹೇಗೆ ಬಂದವು?
– ಓದುಗರೊಬ್ಬರು, ಶಿರಸಿ

ಉತ್ತರ: ಹಳೆಯ ಇಂಗ್ಲಿಷಿನಲ್ಲಿ ಇದು ಒಂದು ಪದವಾಗಿರಲಿಲ್ಲ, ಎರಡಾಗಿತ್ತು. ತಾನೇ ನೀರಿಗಿಳಿಯುವುದಕ್ಕೆ ‘ದೂಫನ್’, ಇನ್ನೊಂದನ್ನು ನೀರಿನಲ್ಲಿ ಅದ್ದುವುದಕ್ಕೆ ‘ದ್ಯೂಫನ್’ ಎನ್ನುತ್ತಿದ್ದರು. ನಮ್ಮ ‘ಮುಳುಗು’ ಮತ್ತು ‘ಮುಳುಗಿಸು’ಗಳಿಗೆ ಇರುವ ಸಂಬಂಧವೇ ಇವೆರಡಕ್ಕೂ ಇತ್ತು. ಕಾಲಕ್ರಮದಲ್ಲಿ ಎರಡೂ ಬೆರೆತು ‘ಡೈವ್’ ಆಯಿತು. ಆಳವನ್ನು ಸೂಚಿಸುವ ‘ಡೀಪ್’, ಅದ್ದುವುದನ್ನು ಸೂಚಿಸುವ ‘ಡಿಪ್’ ಇದರ ದಾಯಾದಿಗಳೇ. ಆದ್ದರಿಂದ ಈ ಪದದ ಹಳೆಯ ತಿರುಳು ಎತ್ತರದಿಂದ ಹಾರುವುದಲ್ಲ, ನೀರಿನ ಒಳಗೆ ಹೋಗುವುದು.

ಕನ್ನಡ ಈ ಎರಡು ಕ್ರಿಯೆಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತರೆ ಇದು ಕಣ್ಣಿಗೇ ಕಾಣುತ್ತದೆ. ಬಾಗಿದ ಕೊಂಬೆಯ ಮೇಲಿಂದ ಮಿಂಚುಳ್ಳಿ ಕೊಕ್ಕು ಮುಂದಾಗಿ ನೀರಿಗೆ ಎರಗಿ ಮೀನಿನೊಂದಿಗೆ ಮರಳಿದರೆ ಅದು ಧುಮುಕಿತು ಎನ್ನುತ್ತೇವೆ. ಆಗಲೇ ನೀರಿನ ಮೇಲೆ ಈಜುತ್ತಿದ್ದ ನೀರುಕಾಗೆ ಕತ್ತು ಬಗ್ಗಿಸಿ ಮರೆಯಾಗಿ, ದೂರದಲ್ಲೆಲ್ಲೋ ತಲೆ ಎತ್ತಿದರೆ ಮುಳುಗು ಹಾಕಿತು ಎನ್ನುತ್ತೇವೆ. ಇಂಗ್ಲಿಷಿಗೆ ಎರಡೂ ‘ಡೈವ್’.

ಅನುವಾದಕರು ಎಡವುವುದು ಇಲ್ಲಿಯೇ. ಜಲಾಂತರ್ಗಾಮಿಯು ತನ್ನ ತೊಟ್ಟಿಗಳಿಗೆ ತಾನೇ ನೀರು ತುಂಬಿಸಿಕೊಂಡು ಕೆಳಗಿಳಿಯುವುದನ್ನು ‘ಜಲಾಂತರ್ಗಾಮಿ ಮುಳುಗಿತು’ ಎಂದು ಬರೆದರೆ, ಅದರೊಳಗಿದ್ದವರ ಮನೆಯವರು ಎದೆಯೊಡೆದುಕೊಳ್ಳಬೇಕಾದೀತು. ಬರಿಯ ‘ಮುಳುಗು’ ನಮ್ಮಲ್ಲಿ ಕೇಡಿನ ಮಾತು. ಸಾಲದಲ್ಲಿ ಮುಳುಗುವುದೂ, ಮನೆ ಮುಳುಗುವುದೂ ಅದೇ. ಇಲ್ಲಿ ‘ನೀರಿನಡಿಗೆ ಇಳಿಯಿತು’ ಎನ್ನುವುದೇ ಸರಿ.

ನೀರನ್ನು ಬಿಟ್ಟು ಆಕಾಶಕ್ಕೆ ಹೋದ ಮೇಲೆ ಈ ಪದಕ್ಕೆ ವೇಗವೇ ಮುಖ್ಯವಾಯಿತು. ವಿಮಾನ ಮೂತಿ ಕೆಳಗೆ ಮಾಡಿ ನುಗ್ಗುವುದಕ್ಕೆ ಇದ್ದ ‘ನೋಸ್‌ಡೈವ್’ ಎಂಬ ಮಾತು ಷೇರುಪೇಟೆಗೂ ಬಂತು. ಅದಕ್ಕೆ ನಮ್ಮಲ್ಲಿ ‘ಕುಸಿ’ ಇರುವಾಗ ‘ಬೆಲೆ ಧುಮುಕಿತು’ ಎಂದು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಕಚೇರಿಗಳ ‘ಡೀಪ್ ಡೈವ್’ ಎಂದರೆ ಆಳವಾದ ಪರಿಶೀಲನೆ, ಅಷ್ಟೇ.

ಫುಟ್‌ಬಾಲಿನಲ್ಲಿ ಒಂದೇ ಪಂದ್ಯದೊಳಗೆ ಈ ಪದ ಹೊಗಳಿಕೆಯೂ ಹೌದು, ತೆಗಳಿಕೆಯೂ ಹೌದು. ಗೋಲ್‌ಕೀಪರ್ ಮೈಚಾಚಿ ಹಾರಿ ಚೆಂಡು ತಡೆದರೆ ಅದು ಮೆಚ್ಚತಕ್ಕ ‘ಡೈವ್’. ಎದುರಾಳಿ ತಾಗದಿದ್ದರೂ ಪೆನಾಲ್ಟಿಯ ಆಸೆಗೆ ಆಟಗಾರ ಉರುಳಿಬಿದ್ದರೆ ಅದೂ ‘ಡೈವ್’; ರೆಫರಿಯನ್ನು ವಂಚಿಸುವ ಈ ಬೀಳಾಟಕ್ಕೆ ಹಳದಿ ಕಾರ್ಡ್ ತೋರಿಸುತ್ತಾರೆ. ಬಾಕ್ಸಿಂಗಿನಲ್ಲಿ ಮೊದಲೇ ಒಪ್ಪಂದ ಮಾಡಿಕೊಂಡು ಸೋಲುವುದಕ್ಕೂ ಇದೇ ಹೆಸರು.

ಇನ್ನು ನಿಮ್ಮ ಮಗ ಹೇಳಿದ ಅರ್ಥ. ಅದು 19ನೆಯ ಶತಮಾನದ ಅಮೆರಿಕದಲ್ಲಿ ಹುಟ್ಟಿದ್ದು. ಅಲ್ಲಿನ ಅಗ್ಗದ ಹೆಂಡದಂಗಡಿಗಳು ಎಷ್ಟೋ ಕಡೆ ನೆಲಮಾಳಿಗೆಯಲ್ಲಿದ್ದವು. ಬೀದಿಯಲ್ಲಿ ನಡೆಯುತ್ತಿದ್ದವನು ಥಟ್ಟನೆ ಮೆಟ್ಟಿಲಿಳಿದು ಯಾರ ಕಣ್ಣಿಗೂ ಬೀಳದೆ ಮರೆಯಾಗಬಹುದಿತ್ತು ಎಂಬುದು ಈ ಹೆಸರಿಗೆ ನಿಘಂಟುಕಾರರು ಕೊಡುವ ವಿವರಣೆ. ಇಂದು ಆ ಮಾತಿನ ಕಹಿ ಬಹುಮಟ್ಟಿಗೆ ಇಳಿದಿದೆ. ಥಳಕಿಲ್ಲದ, ಹಳೆಯ ಗಿರಾಕಿಗಳೇ ತುಂಬಿರುವ ಬಾರನ್ನು ಅಲ್ಲಿಯವರು ಅಕ್ಕರೆಯಿಂದಲೂ ಹಾಗೆ ಕರೆಯುತ್ತಾರೆ. ಆದ್ದರಿಂದ ಮಗನ ಬಗ್ಗೆ ಆತಂಕ ಬೇಡ. ಮುಂದೆಂದಾದರೂ ಅವರು ‘ಡೈವ್ಡ್’ ಎನ್ನುವ ಬದಲು ‘ಡೋವ್’ ಎಂದರೆ ತಿದ್ದಲೂ ಹೋಗಬೇಡಿ; ‘ಡ್ರೈವ್’ಗೆ ‘ಡ್ರೋವ್’ ಇರುವಂತೆ ‘ಡೈವ್’ಗೆ ‘ಡೋವ್’ ಎಂಬ ಭೂತಕಾಲದ ರೂಪ ಉತ್ತರ ಅಮೆರಿಕದಲ್ಲಿ ಚೆನ್ನಾಗಿಯೇ ಬೇರೂರಿದೆ.