ಹಿನ್ನೀರಿನ್ಯಾಗ ಲಂಗರು ಜಾರಿದರ ಏನು ಮಾಡಬೇಕು?

ಅಣ್ಣಾರ, ಬಾಗಲಕೋಟಿ ಕಡೆ ಆಲಮಟ್ಟಿ ಹಿನ್ನೀರಿನ್ಯಾಗ ಗಾಳಿ ಎದ್ದರ ದೋಣಿ ಲಂಗರು ಸಮೇತ ಜಾರತೈತಿ, 5 ಕೆಜಿ ಬದಲಿ 10 ಕೆಜಿದು ತರಲೇನು ಅಂತ ಕೇಳೀರಿ. ತರಬ್ಯಾಡ್ರಿ. 6 ಮೀಟರ್ ನೀರಿಗೆ 10 ಮೀಟರ್ ಹಗ್ಗ ಬಿಟ್ಟೀನಿ ಅಂತ ನೀವ ಬರದೀರಿ, ತಪ್ಪು ಅಲ್ಲೇ ಐತಿ.

ಲಂಗರು ಹಿಡಿಯೂದು ತೂಕದಿಂದಲ್ಲ, ನೆಲದಾಗ ಹೂತುಕೊಂಡು. ಹಗ್ಗ ಗಿಡ್ಡಿದ್ದರ ದೋಣಿ ಅದನ್ನ ಮ್ಯಾಲೆ ಎತ್ತತೈತಿ. ಉದ್ದಿದ್ದರ ಅಡ್ಡ ಜಗ್ಗತೈತಿ, ಆಗ ಅದು ರಂಟಿ ಕುಳದಂಗ ನೆಲಕ್ಕ ಇಳೀತೈತಿ. ನೀರಿನ ಆಳಕ್ಕ ದೋಣಿ ಮೂತಿಯ ಎತ್ತರ ಕೂಡಿಸಿ ಅದರ 5 ಪಟ್ಟು, ಗಾಳಿ ಜೋರಿದ್ದರ 7 ಪಟ್ಟು ಬಿಡ್ರಿ. ನಿಮ್ಮ 6 ಮೀಟರ್ ನೀರಿಗೆ ಮೂತಿ ಅರ್ಧ ಮೀಟರ್ ಅಂತ ಹಿಡಿದರ, 7 ಪಟ್ಟು ಅಂದ್ರ ಸುಮಾರು 45 ಮೀಟರ್.

ಲಂಗರಿಗೆ ಹತ್ತಿಸಿ 3–4 ಮೀಟರ್ ಸರಪಳಿ ಹಾಕ್ರಿ, ಆಮ್ಯಾಲೆ ನೈಲಾನ್ ಹಗ್ಗ. ನೈಲಾನ್ ಜಗ್ಗಿದರ ಹಿಗ್ಗತೈತಿ, ಅಲಿ ಹೊಡತ ತಾಳತೈತಿ. ಅಗ್ಗದ ಪ್ಲಾಸ್ಟಿಕ್ ಹಗ್ಗ ನೀರ ಮ್ಯಾಲೆ ತೇಲತೈತಿ, ಮೋಟರ್ ಪಂಕಕ್ಕ ಸುತ್ತಕೊಂತೈತಿ. ಸರಪಳಿ ಜೋಡಿಸೂ ಕೊಂಡಿ, ಅಂದ್ರ ಶ್ಯಾಕಲ್, ಅದರ ಪಿನ್ನು ಬಿಚ್ಚದಂಗ ತಂತಿ ಬಿಗೀರಿ.

ಎರಿ ಮಣ್ಣಿನ ರಾಡಿಗೆ ಅಗಲ ಹಲ್ಲಿನ ಡ್ಯಾನ್‌ಫೋರ್ತ್ ನಮೂನಿ ಚಲೋ, ಕಲ್ಲಿಗೆ ಕೊಕ್ಕಿ ಲಂಗರ. ಆದರ ಮುಳುಗಿದ ಗ್ವಾಡಿ, ಗಿಡದ ಬೊಡ್ಡಿ ಇದ್ದಲ್ಲಿ ಯಾವುದಾದರೂ ಸಿಕ್ಕೊಂತೈತಿ. ಅಂಥಲ್ಲಿ ಲಂಗರಿನ ಹಲ್ಲಿರೂ ತುದಿಗೆ ಇನ್ನೊಂದು ಸಣ್ಣ ಹಗ್ಗ ಕಟ್ಟಿ ತೇಲುಬುರುಡಿ ಬಿಡ್ರಿ, ಹಿಂದಿನಿಂದ ಜಗ್ಗಿ ಬಿಡಿಸಬಹುದು.

ಮತ್ತ ಕೈ ಮುಗೀತೀನಿ, ಹಗ್ಗ ಯಾವಾಗಲೂ ಮುಂದಿನ ಮೂತಿಗೇ ಕಟ್ರಿ. ಹಿಂದ ಮೋಟರ್ ಭಾರ ಇರತೈತಿ, ಅಲ್ಲಿ ಕಟ್ಟಿದರ ಅಲಿ ನೀರು ಒಳಗ ನುಗ್ಗಿ ದೋಣಿ ಮುಳುಗತೈತಿ.