ಪೊರಕೆ ಎತ್ತೋದ್ರೊಳಗೆ ಜಿರಳೆ ಹೇಗೆ ಓಡಿಹೋಗುತ್ತೆ, ಅದನ್ನ ಮಾಡೆಲ್ ಚೆಕರಲ್ಲಿ ಬರೆದು ನೋಡ್ಬಹುದಾ?

ನೀವು ಕೇಳಿರೋದು ಎರಡು ವಿಷಯ. ಅಷ್ಟು ಬೇಗ ಓಡೋಕೆ ಜಿರಳೆ ಮೆದುಳು ಯೋಚನೆ ಮಾಡುತ್ತಾ ಅನ್ನೋದು ಒಂದು, ಆ ಓಟವನ್ನ ಸ್ಪಿನ್ ತರದ ಮಾಡೆಲ್ ಚೆಕರಲ್ಲಿ ಬರೆದು ಚೆಕ್ ಮಾಡ್ಬಹುದಾ ಅನ್ನೋದು ಇನ್ನೊಂದು. ಮಾಡೆಲ್ ಚೆಕರ್ ಅಂದ್ರೆ ನಾವು ಬರೆದ ಮಾಡೆಲ್ ಹೋಗ್ಬಹುದಾದ ಎಲ್ಲಾ ಸ್ಥಿತಿಗಳನ್ನೂ ತಡಕಿ, ನಾವು ಹಾಕಿದ ರೂಲ್ ಎಲ್ಲಾದ್ರೂ ಮುರಿಯುತ್ತಾ ಅಂತ ನೋಡೋ ಟೂಲ್. ನಾನು ಎಂಬೆಡೆಡ್ ಸಾಫ್ಟ್‌ವೇರ್ ಕೆಲಸ ಮಾಡೋನು, ಆಫೀಸಲ್ಲಿ ಸ್ಪಿನ್ ಬಳಸ್ತೀನಿ, ಹುಳಗಳ ನರಗಳ ಬಗ್ಗೆ ಓದೋದು ಬಹಳ ವರ್ಷದ ಆಸಕ್ತಿ. ಎರಡನ್ನೂ ಸೇರಿಸಿ ಒಂದ್ಸಲ ಮಾಡಿ ನೋಡಿದೀನಿ, ಅದನ್ನೇ ಹೇಳ್ತೀನಿ.

ಮೊದಲು ಓಟದ ವಿಷಯ. ಜಿರಳೆ ಹೊಟ್ಟೆ ತುದೀಲಿ ಎರಡು ಪುಟ್ಟ ಕೊಂಬಿನ ಹಾಗೆ ಇರುತ್ತಲ್ಲ, ಅದಕ್ಕೆ ಸರ್ಸೈ ಅಂತಾರೆ. ಒಂದೊಂದರ ಅಡಿಯಲ್ಲೂ ಸುಮಾರು 200 ಸೂಕ್ಷ್ಮ ಕೂದಲು, ಪ್ರತಿ ಕೂದಲಿಗೂ ಒಂದು ನರಕೋಶ. ಪೊರಕೆ ಬೀಳೋಕೆ ಮುಂಚೆ ಅದು ತಳ್ಳೋ ಗಾಳಿ ಬಂದಿರುತ್ತೆ, ಆ ಗಾಳಿಗೆ ಕೂದಲು ವಾಲುತ್ತೆ, ಒಂದೊಂದು ಸಾಲಿನ ಕೂದಲು ಒಂದೊಂದು ದಿಕ್ಕಿಗೆ ಸುಲಭವಾಗಿ ವಾಲೋದ್ರಿಂದ ಏಟು ಯಾವ ಕಡೆಯಿಂದ ಬರ್ತಿದೆ ಅನ್ನೋ ಲೆಕ್ಕ ಬಾಲದ ಹತ್ರಾನೇ ಶುರುವಾಗಿಬಿಡುತ್ತೆ. ಹೊಟ್ಟೆಯ ಕೊನೇ ನರಗಂಟಿಂದ, ಅಂದ್ರೆ ನರಕೋಶಗಳ ಗುಂಪಿಂದ, 7 ಜೋಡಿ ದಪ್ಪ ನರಗಳು, ಜೈಂಟ್ ಇಂಟರ್‌ನ್ಯೂರಾನ್ ಅಂತ ಹೆಸರು, ಮುಂದಕ್ಕೆ ಹೋಗುತ್ವೆ, ನರ ದಪ್ಪ ಇದ್ದಷ್ಟೂ ಸಿಗ್ನಲ್ ಬೇಗ ಹೋಗುತ್ತೆ. ಅವು ಎದೆಭಾಗದ ಮೂರು ನರಗಂಟುಗಳನ್ನ ಎಬ್ಬಿಸುತ್ವೆ, ಅಲ್ಲಿಂದ ಕಾಲಿಗೆ ಆರ್ಡರ್. ಕೆನೆತ್ ರೋಡರ್ ಅನ್ನೋ ವಿಜ್ಞಾನಿ 1948ರಲ್ಲೇ ಈ ದಾರಿ ಬಗ್ಗೆ ಬರೆದಿದ್ರು, 1978ರಲ್ಲಿ ಜೆಫ್ರಿ ಕ್ಯಾಮ್‌ಹೈ ಮತ್ತೆ ಅವರ ಜೊತೆಯವರು ನಿಜವಾದ ಕಪ್ಪೆ ಬಿಟ್ಟು, ಅದು ಹಿಡಿಯೋಕೆ ಮುನ್ನುಗ್ಗೋವಾಗ ಏಳೋ ಗಾಳಿಗೇ ಜಿರಳೆ ತಿರುಗಿ ಓಡುತ್ತೆ ಅಂತ ತೋರಿಸಿದ್ರು. ಗಾಳಿ ತಾಕಿ ದೇಹ ತಿರುಗೋಕೆ ಶುರುವಾಗೋಕೆ ಸುಮಾರು 50 ಮಿಲಿಸೆಕೆಂಡ್, ನಾವು ಕಣ್ಣು ಮಿಟುಕಿಸೋದು ಅದಕ್ಕಿಂತ ನಿಧಾನ. ಅಂದ್ರೆ ಈ ದಾರೀಲಿ ತಲೆಗೆ ಹೋಗಿ ಕೇಳ್ಕೊಂಡು ಬರೋ ಸ್ಟೆಪ್ ಇಲ್ಲ. ತಲೆಗೆ ಕೆಲಸವೇ ಇಲ್ಲ ಅಂತ ಮಾತ್ರ ತಿಳ್ಕೋಬೇಡಿ, ಅದು ಮುಂದೆ ಬರುತ್ತೆ.

ಈಗ ಮಾಡೆಲ್. ಆರು ಕಾಲನ್ನ ಆರು ಪ್ರಾಸೆಸ್, ಅಂದ್ರೆ ಒಟ್ಟೊಟ್ಟಿಗೆ ಓಡೋ ಆರು ಪುಟ್ಟ ಪ್ರೋಗ್ರಾಂ, ಮಾಡಿ ಸ್ಪಿನ್‌ನ ಭಾಷೆಯಾದ ಪ್ರೊಮೆಲಾದಲ್ಲಿ ಬರೆದೆ, ಪ್ರತಿ ಕಾಲಿಗೂ ಎರಡೇ ಸ್ಥಿತಿ, ನೆಲದ ಮೇಲೆ ಅಥವಾ ಗಾಳೀಲಿ. ರೂಲ್ ಏನಂದ್ರೆ ಹಿಂದೆ ಮುಂದೆ ಇರೋ ಕಾಲಾಗ್ಲಿ, ಎದುರುಬದುರು ಕಾಲಾಗ್ಲಿ ಒಟ್ಟಿಗೆ ನೆಲ ಬಿಡಬಾರದು. ಒಟ್ಟು 64 ಭಂಗಿ ಸಾಧ್ಯ, ಈ ರೂಲ್ ಹಾಕಿದ್ರೆ 17 ಉಳಿಯುತ್ತೆ, ಪೇಪರ್ ಮೇಲೆ ನೀವೇ ಎಣಿಸಿ ನೋಡಿ. ಆ ಹದಿನೇಳರಲ್ಲಿ ಮೂರು ಕಾಲು ಒಟ್ಟಿಗೆ ಮೇಲಿರೋದು ಎರಡೇ ಎರಡು: ಎಡದ ಮುಂದಿನದು, ಎಡದ ಹಿಂದಿನದು, ಬಲದ ಮಧ್ಯದ್ದು ಒಂದು ಗುಂಪು, ಉಳಿದ ಮೂರು ಇನ್ನೊಂದು ಗುಂಪು. ನಾಲ್ಕು ಕಾಲು ಎತ್ತೋಕೆ ಜಾಗಾನೇ ಇಲ್ಲ. ಜಿರಳೆ ಓಡೋವಾಗ ಬಳಸೋ ಟ್ರೈಪಾಡ್ ನಡಿಗೆ ಇದೇ ಎರಡು ಗುಂಪು! ನಾನು ಟ್ರೈಪಾಡ್ ಅಂತ ಎಲ್ಲೂ ಬರೆದಿರ್ಲಿಲ್ಲ, ರೂಲಿಂದ ತಾನಾಗೇ ಬಂತು, ಅವತ್ತು ಆದ ಖುಷಿ ಈಗ್ಲೂ ನೆನಪಿದೆ. ಅಮೆರಿಕನ್ ಜಿರಳೆ ಸೆಕೆಂಡಿಗೆ ಒಂದೂವರೆ ಮೀಟರ್‌ವರೆಗೂ ಓಡುತ್ತೆ, ಆ ಸ್ಪೀಡಲ್ಲಿ ಹಿಂದಿನ ಎರಡೇ ಕಾಲಲ್ಲಿ ಓಡುತ್ತೆ ಅಂತ 1991ರಲ್ಲಿ ಫುಲ್ ಮತ್ತೆ ಟು ಅಳೆದಿದಾರೆ, ಅಲ್ಲಿಗೆ ಈ ರೂಲ್ ಅನ್ವಯಿಸಲ್ಲ.

ಸ್ಪಿನ್ ರನ್ ಮಾಡಿದೆ, ಎರರ್ ಸೊನ್ನೆ. ರೂಲ್ ಎಲ್ಲೂ ಮುರಿದಿಲ್ಲ. ಆದ್ರೆ ಸಿಮ್ಯುಲೇಷನ್ ನೋಡಿದ್ರೆ ಕೆಲವು ಸಲ ಜಿರಳೆ ನಿಂತಲ್ಲೇ ನಿಂತಿರೋದು. ಯಾಕಂದ್ರೆ ಪ್ರತಿ ಕಾಲೂ ಮೊದಲು "ನಾನು ಏಳ್ತೀನಿ" ಅಂತ ಫ್ಲ್ಯಾಗ್ ಎತ್ತಿ, ಆಮೇಲೆ ಪಕ್ಕದ ಫ್ಲ್ಯಾಗ್ ಇಳಿಯೋವರೆಗೂ ಕಾಯೋ ಹಾಗೆ ಬರೆದಿದ್ದೆ, ಆರೂ ಒಟ್ಟಿಗೆ ಫ್ಲ್ಯಾಗ್ ಎತ್ತಿದ್ರೆ ಆರೂ ಒಂದನ್ನೊಂದು ನೋಡ್ತಾ ಲೂಪಲ್ಲೇ ಉಳಿಯುತ್ವೆ. ನಾನು ಕೇಳಿದ್ದ ಪ್ರಶ್ನೆಗೆ ಸ್ಪಿನ್ ಸರಿಯಾಗೇ ಉತ್ತರ ಕೊಟ್ಟಿತ್ತು. ಕೆಟ್ಟದ್ದು ಯಾವತ್ತೂ ಆಗಬಾರದು ಅನ್ನೋದು ಸೇಫ್ಟಿ, ಆಗಬೇಕಾದ್ದು ಯಾವತ್ತಾದ್ರೂ ಆಗ್ಲೇಬೇಕು ಅನ್ನೋದು ಲೈವ್‌ನೆಸ್, ನಾನು ಮೊದಲನೇದನ್ನ ಮಾತ್ರ ಕೇಳಿದ್ದೆ. ಕಾಲೇ ಎತ್ತದ ಜಿರಳೆ ಸೇಫ್ಟಿ ರೂಲನ್ನ ಯಾವತ್ತೂ ಮುರಿಯಲ್ಲ. "ಗಾಳಿ ಬಂದ್ರೆ ಯಾವತ್ತಾದ್ರೂ ಒಂದು ಕಾಲು ನೆಲ ಬಿಡ್ಲೇಬೇಕು" ಅಂತ ಎಲ್‌ಟಿಎಲ್ ("ಯಾವಾಗ್ಲೂ", "ಯಾವತ್ತಾದ್ರೂ" ಅನ್ನೋದನ್ನ ಬರೆಯೋ ತರ್ಕದ ಭಾಷೆ) ಸಾಲು ಬರೆದು, ಯಾವ ಪ್ರಾಸೆಸ್ಸಿಗೂ ಸರದಿ ತಪ್ಪದ ಹಾಗೆ ನೋಡೋ ಫೇರ್‌ನೆಸ್ ಆಪ್ಷನ್ ಹಾಕಿ ಮತ್ತೆ ಓಡಿಸಿದಾಗ ಆ ಲೂಪನ್ನೇ ಸ್ಪಿನ್ ಹಿಡಿದು ಕೈಗೆ ಕೊಡ್ತು. ಎರಡು ಗುಂಪಿಗೂ ಸರದಿ ಇಟ್ಟ ಮೇಲೆ ಸರಿಹೋಯ್ತು.

ನಿಂತಲ್ಲೇ ನಿಂತ ಆ ಜಿರಳೆ ನೋಡಿ ನಂಗೆ ನೆನಪಾಗಿದ್ದು ಆಂಪ್ಯುಲೆಕ್ಸ್ ಕಂಪ್ರೆಸ್ಸಾ ಅನ್ನೋ ಕಣಜ, ಪಚ್ಚೆ ಹಸಿರು ಮೈ, ನಮ್ಮ ದೇಶದಲ್ಲೂ ಇದೆ. ಅದು ಜಿರಳೆಗೆ ಎರಡು ಸಲ ಚುಚ್ಚುತ್ತೆ. ಮೊದಲನೇದು ಎದೆಗೆ, ಅದರಿಂದ ಎರಡು ಮೂರು ನಿಮಿಷ ಮುಂಗಾಲು ಆಡಲ್ಲ, ಅಷ್ಟರೊಳಗೆ ಎರಡನೇ ಸಲ ನೇರ ತಲೆಯೊಳಗಿನ ನರಗಂಟುಗಳಿಗೆ. ಆಮೇಲೆ ಜಿರಳೆ ಸುಮಾರು ಅರ್ಧ ಗಂಟೆ ಮೈ ಉಜ್ಜಿಕೊಳ್ತಾ ಇರುತ್ತೆ, ಅಲ್ಲಿಂದ ಮುಂದೆ ತಾನಾಗಿ ಹೆಜ್ಜೆ ಇಡೋದನ್ನೇ ಬಿಟ್ಟುಬಿಡುತ್ತೆ, ಕಣಜ ಮೀಸೆ ಹಿಡಿದು, ಮೂಗುದಾರ ಹಿಡಿದು ಎತ್ತು ನಡೆಸಿದ ಹಾಗೆ, ಬಿಲಕ್ಕೆ ಕರ್ಕೊಂಡು ಹೋಗುತ್ತೆ. ಮರಿಗೆ ಊಟ ಅದೇ. ಇಸ್ರೇಲ್‌ನ ಬೆನ್-ಗುರಿಯನ್ ಯೂನಿವರ್ಸಿಟಿಯ ಫ್ರೆಡರಿಕ್ ಲಿಬರ್ಸಾ ಅವರ ಗುಂಪು ಇದನ್ನ ವರ್ಷಗಟ್ಟಲೆ ಬಿಡಿಸಿ ನೋಡಿದೆ. ಅಂಗಾತ ಮಲಗಿಸಿದ್ರೆ ಆ ಜಿರಳೆ ಮಗುಚಿಕೊಳ್ಳುತ್ತೆ, ನೀರಿಗೆ ಬಿಟ್ರೆ ಈಜುತ್ತೆ, ಬೇಗ ನಿಲ್ಲಿಸುತ್ತೆ ಅಷ್ಟೇ. ಬಾಲದ ಕೂದಲಿಗೆ ಗಾಳಿ ಊದಿದ್ರೆ ದಪ್ಪ ನರಗಳು ಮೊದಲಿನ ಹಾಗೇ ಸಿಗ್ನಲ್ ಕಳಿಸುತ್ವೆ, ಆದ್ರೂ ಓಡಲ್ಲ! ವೈರಿಂಗ್ ಎಲ್ಲಾ ಸರಿ ಇದೆ, ತಲೆಯಿಂದ ಕೆಳಗೆ ಬರ್ತಿರಬೇಕಾದ ಅಪ್ಪಣೆ ನಿಂತಿದೆ. ಆಕ್ಟೋಪಮೈನ್ ಅನ್ನೋ ರಾಸಾಯನಿಕದ ಪರಿಣಾಮ ಕೊಡೋ ಔಷಧಿ ಚುಚ್ಚಿದಾಗ ನಡಿಗೆ ಸ್ವಲ್ಪ ಮಟ್ಟಿಗೆ ವಾಪಸ್ ಬಂತು ಅಂತಲೂ ಅವರು ತೋರಿಸಿದಾರೆ. ಹಾಗಾಗಿ ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ, ಹೇಗೆ ಓಡ್ಬೇಕು, ಯಾವ ಕಡೆ ಓಡ್ಬೇಕು ಅನ್ನೋದು ಬಹುಪಾಲು ಹೊಟ್ಟೆ ಎದೆಯ ನರಗಂಟುಗಳ ಕೆಲಸ, ಓಡೋಕೆ ಮೈ ತಯಾರಿರೋ ಹಾಗೆ ಇಟ್ಟಿರೋದು ತಲೆ.

ಇದನ್ನೂ ಮಾಡೆಲಿಗೆ ಸೇರಿಸಿದೆ, ಒಂದೇ ಬಿಟ್, ಅದರ ಹೆಸರು ಅಪ್ಪಣೆ. ಅದು ಸೊನ್ನೆ ಆಗೋಕೆ ಬಿಟ್ರೆ ಸೇಫ್ಟಿ ಎಲ್ಲಾ ಪಾಸ್, ಲೈವ್‌ನೆಸ್ ಮಾತ್ರ ಫೇಲ್, ಎಲ್ಲಿ ಫೇಲ್ ಆಯ್ತು ಅಂತ ಸ್ಪಿನ್ ಹೆಜ್ಜೆ ಹೆಜ್ಜೆಯಾಗಿ ತೋರಿಸೋ ಟ್ರೇಸಲ್ಲಿ ಗಾಳಿ ಬರುತ್ತೆ, ನರ ಸಿಗ್ನಲ್ ಕಳಿಸುತ್ತೆ, ಆರೂ ಕಾಲು ನೆಲದ ಮೇಲೆ.

ಟೂಲ್ ಯಾವುದು ಅನ್ನೋದನ್ನೂ ಹೇಳ್ಬಿಡ್ತೀನಿ. ಸಿ ಭಾಷೆಯ ಕೋಡನ್ನೇ ಚೆಕ್ ಮಾಡ್ಬೇಕಂದ್ರೆ ಸಿಬಿಎಂಸಿ ಅನ್ನೋ ಟೂಲ್ ಒಳ್ಳೇದು, ಆದ್ರೆ ಅದು ಲೂಪನ್ನ ಇಷ್ಟು ಸಲ ಅಂತ ಬಿಚ್ಚಿ ನೋಡುತ್ತೆ, "ಯಾವತ್ತಾದ್ರೂ" ಅನ್ನೋ ಪ್ರಶ್ನೆಗೆ ಅಷ್ಟು ಹೊಂದಲ್ಲ. ಥಾಮಸ್ ಬಾಲ್ ಜೊತೆ ಶ್ರೀರಾಮ್ ರಾಜಾಮಣಿ, ಇವರು ಆಮೇಲೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ಗೆ ಬಂದ್ರು, ಮಾಡಿದ ಸ್ಲಾಮ್ ಅನ್ನೋ ಟೂಲ್ ವಿಂಡೋಸ್ ಡ್ರೈವರ್‌ಗಳಿಗೆ ಅಂತ ಬಂದಿದ್ದು, ಕಾಲು ಬಾಲಕ್ಕೆ ಅಲ್ಲ. ಜಿರಳೆಗೆ ಸ್ಪಿನ್ನೇ ಸಾಕು, ಜೆರಾರ್ಡ್ ಹೋಲ್ಜ್‌ಮನ್ ಬೆಲ್ ಲ್ಯಾಬ್ಸಲ್ಲಿ ಮಾಡಿದ್ದು, ಫ್ರೀ ಸಿಗುತ್ತೆ, ಇಷ್ಟು ಸಣ್ಣ ಮಾಡೆಲ್ ಸಾಧಾರಣ ಲ್ಯಾಪ್‌ಟಾಪಲ್ಲೇ ಓಡುತ್ತೆ. ಎರಡು ಕಾಲಿಂದ ಶುರು ಮಾಡಿ, ಆಮೇಲೆ ಆರಕ್ಕೆ ಹೋಗಿ, ಆ ಎಲ್‌ಟಿಎಲ್ ಸಾಲನ್ನ ಮೊದಲ ದಿನವೇ ಬರೀರಿ.